ಮೂರು ಇಂಗ್ಲಿಷ್ ಕಾಯಿಲೆ, ನಾಲ್ಕನೆಯದು ವೀಕ್‌ನೆಸ್

ಕಾಯಿಲೆಗೆ ಇಂಗ್ಲಿಷಿನವರು ಇಟ್ಟಿರುವ ಹೆಸರುಗಳನ್ನು ನೋಡಿದರೆ, ಆರೋಗ್ಯವಾಗಿರಲು ಅವರಿಗೆ ಪುರುಸೊತ್ತು ಸಿಗುತ್ತಿತ್ತೇ ಎಂದು ಅನುಮಾನವಾಗುತ್ತದೆ. ಇಲ್‌ನೆಸ್, ಡಿಸೀಸ್, ಸಿಕ್‌ನೆಸ್, ಡಿಸಾರ್ಡರ್, ಏಲ್‌ಮೆಂಟ್, ಕಂಡೀಷನ್. ನರ್ಸಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ನಮ್ಮ ಮನೆಗೆ ಬಂದಿದ್ದಳು. "ಆಂಟಿ, ಡಿಕ್ಷನರೀಲಿ ಎಲ್ಲದಕ್ಕೂ ಕಾಯಿಲೆ ಅಂತಾನೇ ಇದೆ. ಯಾವುದು ಹೇಳಿದ್ರೂ ನಡೆಯುತ್ತಲ್ವಾ?" ಎಂದಳು.

ನಡೆಯುತ್ತದೆ. ನಮ್ಮ ಇಲಾಖೆಯಲ್ಲಿ ನಡೆಯದೇ ಇರುವುದು ಲಿಫ್ಟ್ ಒಂದೇ. ಆದರೆ ಆ ಹೆಸರುಗಳಲ್ಲಿ ಮೂರನ್ನು ಒಂದಕ್ಕೊಂದು ಬೆರೆಸಿದ್ದರಿಂದ ಗಟ್ಟಿಮುಟ್ಟಾದ ಒಬ್ಬ ಮನುಷ್ಯ ನಗುನಗುತ್ತಲೇ ಸಾವಿನ ದಾರಿ ಹಿಡಿದಿದ್ದನ್ನು ನಾನು ನೋಡಿದ್ದೇನೆ. ಅವನ ವಿಷಯ ಹೇಳಲೆಂದೇ ಇದನ್ನು ಬರೆಯಲು ಕೂತದ್ದು.

ನಾನು ಶ್ರೀನಿವಾಸಪುರದಲ್ಲಿ ಕೆಲಸಕ್ಕೆ ಸೇರಿ, ಮುಳಬಾಗಿಲು, ಮಾಲೂರು ಸುತ್ತಿ, ಕೋಲಾರದಲ್ಲಿ ನಿವೃತ್ತಳಾದ ನರ್ಸು. ಯಾವ ಘಟನೆ ಯಾವ ಆಸ್ಪತ್ರೆಯದೆಂದು ಹೇಳುವುದಿಲ್ಲ. ಊಹಿಸಲು ಹೊರಟವರು ತಪ್ಪಾಗಿಯೇ ಊಹಿಸುತ್ತಾರೆ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಬಡ್ತಿಗಳ ವಿಷಯ ಬೇಡ. ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ನರ್ಸಿಂಗ್ ಆಫೀಸರ್ ಎಂದಾಯಿತು. ಬೆಡ್‌ಪ್ಯಾನ್ ಮಾತ್ರ ಹೆಸರು ಬದಲಿಸಲಿಲ್ಲ.

ಸೇರಿದ ಹೊಸದರಲ್ಲಿ ನಮಗೊಬ್ಬ ಮೇಟ್ರನ್ ಇದ್ದರು. ಹಾಸಿಗೆಯ ಚಾದರದ ಮೂಲೆಯ ಮಡಿಕೆ ನೋಡಿ ಮನುಷ್ಯರ ಯೋಗ್ಯತೆ ಅಳೆಯುವ ಹೆಂಗಸು. ಗಡಿಯಾರ ಅವರನ್ನು ನೋಡಿ ಸಮಯ ಸರಿಮಾಡಿಕೊಳ್ಳುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಒಂದು ದಿನ ವಾರ್ಡಿನಲ್ಲಿ ನನ್ನನ್ನು ನಿಲ್ಲಿಸಿ, "ಆ ಕಿಟಕಿ ಪಕ್ಕದ ಮೇಷ್ಟ್ರಿಗೆ ಏನೇ?" ಎಂದರು.

"ಇಲ್‌ನೆಸ್ ಟೈಫಾಯ್ಡ್, ಮೇಡಂ."

"ಟೈಫಾಯ್ಡ್ ಅಂತ ಅವರಿಗೆ ಗೊತ್ತೇನೇ? ಅವರಿಗೆ ಗೊತ್ತಿರೋದು ತಲೆ ಸಿಡೀತಿದೆ, ಅನ್ನ ಸೇರ್ತಿಲ್ಲ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ ಅಂತ. ಅದು ಇಲ್‌ನೆಸ್, ಅವರ ಮೈಗೆ ಗೊತ್ತಾಗೋದು. ಟೈಫಾಯ್ಡ್ ಅನ್ನೋದು ಲ್ಯಾಬಿನೋರು ರಕ್ತದಲ್ಲಿ ಕಂಡಿದ್ದು. ಅದು ಡಿಸೀಸ್. ಅವರ ಹೆಡ್‌ಮಾಸ್ಟ್ರು ಎರಡನ್ನೂ ನಂಬದೆ ಸರ್ಟಿಫಿಕೇಟ್ ತಗೊಂಬಾ ಅಂತಿದಾರಲ್ಲ, ಅವರು ಒಪ್ಪಿದ ಮೇಲೆ ಆಗೋದು ಸಿಕ್‌ನೆಸ್. ಮೂರೂ ಒಂದೇ ಮಂಚದ ಮೇಲೆ ಮಲಗಿರಬೋದು. ಹಾಗಂತ ಒಂದು ಎದ್ದು ಹೋದ್ರೆ ಮಿಕ್ಕಿದ್ದೂ ಹೋಯ್ತು ಅಂದ್ಕೋಬೇಡ. ಈಗ ಹೋಗಿ ಆ ಚಾದರ ಸರಿಮಾಡು."

ನಾನು ಚಾದರ ಸರಿಮಾಡಿದೆ. ಮಾತು ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಮೊದಲು ಅರ್ಥವಾದದ್ದು ಸಿಕ್‌ನೆಸ್. ಅದನ್ನು ಕಲಿಸಲು ಸರ್ಕಾರಿ ನೌಕರರಿಗಿಂತ ಒಳ್ಳೆಯ ಗುರುಗಳಿಲ್ಲ. ಚುನಾವಣೆ ಕೆಲಸದ ಆದೇಶ ಬಂತೆಂದರೆ ನಮ್ಮ ಹೊರರೋಗಿ ವಿಭಾಗದಲ್ಲಿ ಜಾತ್ರೆ. ಬೆಳಿಗ್ಗೆ ಸ್ಕೂಟರಿನಲ್ಲಿ ಬಂದವರು ಗೇಟಿನಿಂದ ಒಳಗೆ ಕುಂಟುತ್ತಾ ಬರುತ್ತಿದ್ದರು. ಮೈಯಲ್ಲಿ ನೋವಿಲ್ಲ, ರಕ್ತದಲ್ಲಿ ರೋಗವಿಲ್ಲ, ಆದರೂ ಅವರು ಸಿಕ್. ಅದಕ್ಕೂ ಅಂತಸ್ತಿನ ಲೆಕ್ಕವಿತ್ತು. ಕೆಲಸ ಮಾಡಲು ಮನಸ್ಸಿಲ್ಲದಿದ್ದರೆ ಸಾಹೇಬರಿಗೆ ಸ್ಟ್ರೆಸ್, ಗುಮಾಸ್ತರಿಗೆ ಟೆನ್ಷನ್, ಜವಾನನಿಗೆ ಸೋಮಾರಿತನ. ಒಬ್ಬ ಗುಮಾಸ್ತರು ಡಾಕ್ಟರ ಚೀಟಿ ಹಿಡಿದುಕೊಂಡು ನನ್ನ ಬಳಿ ಬಂದರು.

"ಸಿಸ್ಟರ್, ಡಾಕ್ಟ್ರಿಗೆ ಸ್ವಲ್ಪ ಹೇಳಿ. ಲೂಸ್ ಮೋಷನ್ ಅಂತ ಬರೆದ್ಬಿಟ್ಟಿದಾರೆ. ನಮ್ಮಾಫೀಸಲ್ಲಿ ಲೇಡೀಸ್ ಇದಾರೆ."

"ಮತ್ತೇನು ಬರೀಬೇಕಿತ್ತು?"

"ಸ್ಪಾಂಡಿಲೈಟಿಸ್ ಅಂದ್ರೆ ಒಂಚೂರು ಗೌರವವಾಗಿರುತ್ತೆ."

"ಅದನ್ನ ನಿಮ್ಮ ಸಾಹೇಬ್ರಿಗೆ ಕೊಟ್ಟಾಯ್ತು. ಒಂದೇ ಆಫೀಸಿಗೆ ಎರಡು ಆಗಲ್ಲ."

ಅವರು ವೈರಲ್ ಫೀವರಿಗೆ ಒಪ್ಪಿಕೊಂಡು ಹೋದರು.

ಇದರ ತಿರುವುಮುರುವು ಇನ್ನೊಂದು ಕಡೆ ನೋಡಿದೆ. ಗಡಿಯ ಹಳ್ಳಿಯ ಒಬ್ಬ ಸೊಸೆ. ಎದೆ ಮೇಲೆ ಬೀಸುವ ಕಲ್ಲು ಇಟ್ಟ ಹಾಗಿದೆ, ಉಸಿರು ಒಳಗೆ ಹೋಗುವುದಿಲ್ಲ ಎನ್ನುತ್ತಿದ್ದಳು. ಇಸಿಜಿ ನಾರ್ಮಲ್, ರಕ್ತ ನಾರ್ಮಲ್, ಎಕ್ಸ್‌ರೇ ನಾರ್ಮಲ್. ಅತ್ತೆ ರಿಪೋರ್ಟುಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಗೆದ್ದವರ ಹಾಗೆ, "ನಾನು ಅವತ್ತೇ ಹೇಳ್ಲಿಲ್ವಾ, ಅಂತಾ ನಾಟಕಮೇ" ಎಂದು, ಎಲ್ಲ ಬರೀ ನಾಟಕವೆಂದು ತೆಲುಗು ಬೆರೆಸಿ ಕಾರಿಡಾರಿನಲ್ಲೆಲ್ಲ ಸಾರಿದಳು. ಹುಡುಗಿಯ ಕಣ್ಣಿನ ಕೆಳಗೆ ಕಪ್ಪು. ಅವಳಿಗೆ ಇಲ್‌ನೆಸ್ ಇತ್ತು, ಡಿಸೀಸ್ ಸಿಕ್ಕಿರಲಿಲ್ಲ, ಆದ್ದರಿಂದ ಮನೆಯವರು ಸಿಕ್‌ನೆಸ್ ಮಂಜೂರು ಮಾಡಲಿಲ್ಲ. ಅವಳನ್ನು ಮನೋವೈದ್ಯರ ಬಳಿಗೆ ಕಳಿಸಿದ ಮೇಲೆ ಚೇತರಿಸಿಕೊಂಡಳು. ರಿಪೋರ್ಟಿನಲ್ಲಿ ಇಲ್ಲದ್ದು ಮೈಯಲ್ಲೂ ಇಲ್ಲ ಎನ್ನುವುದು ನಮ್ಮ ಕಾಲದ ಹೊಸ ಮೂಢನಂಬಿಕೆ. ಈಗಂತೂ ಎಲ್ಲವನ್ನೂ ಟ್ಯಾಬ್ ಹಿಡಿದು ಒತ್ತಬೇಕು. ಅದರೊಳಗೆ ಮುನ್ನೂರು ರೋಗಗಳಿಗೆ ಜಾಗವಿದೆ, ಸುಸ್ತಿಗೆ ಇಲ್ಲ. ಅದಕ್ಕೇ ಸುಸ್ತಾದವರನ್ನು ಕಂಡರೆ ಹೊಸ ಹುಡುಗಿಯರು ಕಕ್ಕಾಬಿಕ್ಕಿಯಾಗುತ್ತಾರೆ.

ಇವೆಲ್ಲ ನಗುವ ವಿಷಯ, ಅಥವಾ ನಕ್ಕು ಮರೆಯಬಹುದಾದ ವಿಷಯ. ಇನ್ನು, ಮೊದಲೇ ಹೇಳಿದ ಆ ಗಟ್ಟಿಮುಟ್ಟಾದ ಮನುಷ್ಯ ಆಂಜಿನಪ್ಪನದು.

ಆಗ ನಮಗಿದ್ದ ದೊಡ್ಡ ಡಾಕ್ಟರು ಬಹಳ ಒಳ್ಳೆಯವರು. ಅದೇ ತೊಂದರೆ. ಯಾರಿಗೂ ಕೆಟ್ಟ ಸುದ್ದಿ ಹೇಳಲಾರರು. ಹೇಳಲೇಬೇಕಾದಾಗ ಇಂಗ್ಲಿಷಿಗೆ ಜಿಗಿಯುತ್ತಿದ್ದರು, ಮಳೆ ಬಂದಾಗ ಜಗಲಿಗೆ ಹಾರುವ ಹಾಗೆ. ಗಡ್ಡೆಯಾಗಿದ್ದರೆ 'ಸ್ಮಾಲ್ ಗ್ರೋತ್'. ಹೃದಯ ಕೈಕೊಟ್ಟಿದ್ದರೆ 'ಸ್ವಲ್ಪ ಪಂಪಿಂಗ್ ಇಶ್ಯೂ'. ಕ್ಷಯವಾದರೆ 'ಸ್ಲೈಟ್ ಇನ್ಫೆಕ್ಷನ್, ಸಮ್ ವೀಕ್‌ನೆಸ್'. ಹಳ್ಳಿಯವರಿಗೆ ಆ ಸಾಲಿನಲ್ಲಿ ಪರಿಚಯದ ಮಾತು ವೀಕ್‌ನೆಸ್ ಒಂದೇ. ಅದನ್ನೇ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು.

ವೀಕ್‌ನೆಸ್ ನಮ್ಮ ಸೀಮೆಗೆ ಒಪ್ಪುವ ಕಾಯಿಲೆ. ಅದಕ್ಕೆ ನಾಚಿಕೆಯಿಲ್ಲ, ಅಂಟಿನ ಭಯವಿಲ್ಲ, ಮದುವೆಗೆ ಅಡ್ಡಿಯಿಲ್ಲ. ನಾಟಿ ಕೋಳಿ ಸಾರು, ರಾಗಿ ಅಂಬಲಿ, ಒಂದು ಬಾಟಲಿ ಗ್ಲೂಕೋಸ್, ಇಷ್ಟಾದರೆ ಹೋಯಿತು ಎಂದು ಲೆಕ್ಕ. ಇಂಥದ್ದೊಂದು ಡಿಸೀಸ್ ಯಾವ ವೈದ್ಯ ಪುಸ್ತಕದಲ್ಲೂ ಇಲ್ಲ. ಎಲ್ಲ ಮನೆಗಳಲ್ಲೂ ಇದೆ.

ಒಂದು ಬೆಳಿಗ್ಗೆ ನಾನು ಹೊರರೋಗಿ ವಿಭಾಗದಲ್ಲಿದ್ದಾಗ ಒಣಕಲು ಮೈಯ ಯಜಮಾನರೊಬ್ಬರು ಬಂದರು. ಹೆಗಲ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡಿದ್ದರು. ಸುತ್ತಮುತ್ತ ನೋಡಿ, ಬಗ್ಗಿ, "ಸಿಸ್ಟರಮ್ಮಾ, ನನ್ ಕತೆ ಮುಗೀತು. ರಕ್ತ ಹೋಗ್ತೈತೆ" ಎಂದು ಪಿಸುಗುಟ್ಟಿ ಟವೆಲ್ ಬಿಚ್ಚಿದರು. ಒಳಗೆ ಹಳೆಯ ಟಾನಿಕ್ ಬಾಟಲಿ. ಅದರಲ್ಲಿ ಅವರ ಮೂತ್ರ.

ಬೆಳಕಿಗೆ ಹಿಡಿದು ನೋಡಿದೆ. ರಕ್ತವಲ್ಲ. ಕಿತ್ತಳೆ ಶರಬತ್ತಿನ ಕೆಂಪು. ಆ ಬಣ್ಣ ನನಗೆ ಹಳೆಯ ಪರಿಚಯ. ಕ್ಷಯದ ಮಾತ್ರೆ ತಿನ್ನುವವರಿಗೆ ಹಾಗೆ ಆಗುತ್ತದೆ, ಅದರಿಂದ ಅಪಾಯವಿಲ್ಲ.

"ಯಜಮಾನ್ರೇ, ಟಿಬಿ ಮಾತ್ರೆ ತಗೋತಿದೀರಾ?"

"ರಾಮ ರಾಮಾ! ಬಿಡ್ತು ಅನ್ನಿ. ನಮ್ ವಂಸದಲ್ಲೇ ಇಲ್ಲ ಅದು."

"ಮತ್ತೆ ಯಾವ ಮಾತ್ರೆ ತಿಂದ್ರಿ?"

"ವೀಕ್‌ನೆಸ್ ಮಾತ್ರೆ. ನಮ್ಮಕ್ಕ ಕೊಟ್ಳು."

ಯಜಮಾನರ ಹೆಸರು ನಾರಾಯಣಪ್ಪ. ಅಕ್ಕ ಮುನಿವೆಂಕಟಮ್ಮ, ಹೋಳೂರು ಕಡೆಯ ಹಳ್ಳಿಯವರು. ಆಕೆಯ ಮಗ ಆಂಜಿನಪ್ಪ, ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳು ಸಾಕುವವನು. ಮಿಕ್ಕಿದ್ದನ್ನು ನಾರಾಯಣಪ್ಪನವರೇ ಹೆಮ್ಮೆಯಿಂದ ಹೇಳಿದರು.

"ನಮ್ಮಕ್ಕನ ಮಗಂಗೆ ವೀಕ್‌ನೆಸ್ ಬಂದು ಕಡ್ಡಿಯಾಗೋಗಿದ್ದ ಸಿಸ್ಟರಮ್ಮಾ. ನಿಮ್ಮಾಸ್ಪತ್ರೆ ಮಾತ್ರೆ ತಿಂದು ಈಗ ನೋಡ್ಬೇಕು, ಗುಂಡುಕಲ್ಲು! ಅವಂಗೆ ವಾಸಿಯಾಯ್ತಲ್ಲ, ಇನ್ನೂ ಶೀಟುಗಟ್ಟಲೆ ಮಿಕ್ಕವೆ. ಗೌರ್ಮೆಂಟ್ ಮಾತ್ರೆ ಯಾಕ್ ಬಿಸಾಕ್ಬೇಕು, ಲೇ ನಾರಾಯಣ, ನೀನೂ ಒಣಗೋಗಿದೀಯ, ತಿನ್ನು ಅಂದ್ಳು. ಪಕ್ಕದ್ಮನೆ ಲಚ್ಚಕ್ಕಂಗೂ ಕೊಡೋಣ ಅಂತಿದ್ಳು."

ನನಗೆ ಬಂದ ನಗು ಅರ್ಧದಲ್ಲಿ ನಿಂತಿತು.

ಹೊಸಬರಿಗೆ ಇದನ್ನು ಬಿಡಿಸಿ ಹೇಳುತ್ತೇನೆ. ಕ್ಷಯದ ಮಾತ್ರೆಯನ್ನು ಹೇಳಿದಷ್ಟು ತಿಂಗಳೂ ತಿನ್ನಬೇಕು. ಮೊದಲ ತಿಂಗಳುಗಳಲ್ಲೇ ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಇಲ್‌ನೆಸ್ ಎದ್ದು ಹೋಗುತ್ತದೆ. ಡಿಸೀಸ್ ಒಳಗೆ ಕೂತಿರುತ್ತದೆ. ಆಗ ಮಾತ್ರೆ ಬಿಟ್ಟರೆ ಅದು ಮತ್ತೆ ಏಳುತ್ತದೆ, ಮತ್ತು ಎದ್ದಾಗ ಹಳೆಯ ಮಾತ್ರೆಗಳಿಗೆ ಬಗ್ಗದೇ ಹೋಗಬಹುದು. ನಾವು ಕೆಲಸಕ್ಕೆ ಸೇರಿದ ಮೇಲೆ ಕೆಲವು ವರ್ಷ ರೋಗಿಯನ್ನು ಎದುರಿಗೆ ಕೂರಿಸಿಕೊಂಡೇ ನುಂಗಿಸುತ್ತಿದ್ದೆವು. ಈಗ ತಿಂಗಳ ಮಾತ್ರೆ ಮನೆಗೇ ಕೊಡುತ್ತಾರೆ. ಅನುಕೂಲವೇ. ಅಕ್ಕಂದಿರು ತಮ್ಮಂದಿರಿಗೆ ಹಂಚುವುದಕ್ಕೂ ಅನುಕೂಲ.

ಡಾಕ್ಟರ ಕೋಣೆಗೆ ಹೋದೆ. "ಸರ್, ಹೋಳೂರು ಕಡೆಯ ಆಂಜಿನಪ್ಪ ಅಂತ. ಅವರ ತಾಯಿಗೆ ಏನು ಹೇಳಿದ್ರಿ?"

"ಸ್ಲೈಟ್ ಇನ್ಫೆಕ್ಷನ್, ಸಮ್ ವೀಕ್‌ನೆಸ್ ಅಂದೆ. ಯಾಕೆ?"

"ಆಂಜಿನಪ್ಪನಿಗೆ?"

"ಆತ ಮೊದಲನೇ ಸಲ ಬಿಟ್ಟರೆ ಬಂದೇ ಇಲ್ಲ. ಹುಳು ಬಿಟ್ಟು ಬರೋಕಾಗಲ್ಲ ಅಂತ ತಾಯಿನೇ ಬಂದು ಮಾತ್ರೆ ತಗೊಂಡು ಹೋಗ್ತಿದ್ರು. ಆಕೆ ಕೈ ಮುಗಿದು, ಸ್ವಾಮೀ ದೊಡ್ಡ ಹೆಸರು ಹೇಳಬೇಡಿ ಅಂದ್ರು. ಪೇಷೆಂಟನ್ನ ಹೆದರಿಸಬಾರದು ಸಿಸ್ಟರ್."

"ಪೇಷೆಂಟ್ ಹೆದರಿಲ್ಲ ಸರ್. ಮಾತ್ರೆ ಬಿಟ್ಟಿದಾನೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರಿಗೇ ಬಿಪಿ ಇತ್ತು, ಅವರೂ ಮಾತ್ರೆ ಬಿಟ್ಟಿದ್ದರು, 'ಐ ಫೀಲ್ ಫೈನ್' ಎಂದು. ಓದಿದವರು ಆ ತಪ್ಪನ್ನು ಇಂಗ್ಲಿಷಿನಲ್ಲಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ಕೊನೆಗೆ, "ಮನೆಗೆ ಹೋಗಿ ವಿಚಾರಿಸಬೇಕಿದ್ದ ನಮ್ಮ ಟಿಬಿ ಕಾರ್ಯಕರ್ತ ಎಲ್ಲಿ?" ಎಂದರು.

ಆತ ಸಿಕ್ ಲೀವಿನಲ್ಲಿದ್ದ. ವೈರಲ್ ಫೀವರ್. ಹಿಂದಿನ ಭಾನುವಾರ ಭಾವಮೈದುನನ ಗೃಹಪ್ರವೇಶದಲ್ಲಿ ಹೋಳಿಗೆ ಬಡಿಸುತ್ತಿದ್ದುದನ್ನು ನಾನೇ ಕಂಡಿದ್ದೆ. ಜ್ವರವಿದ್ದವನಿಗೆ ಕೈ ಬಹಳ ಚುರುಕಾಗಿತ್ತು.

ಹಾಗಾಗಿ ನನ್ನ ವಾರದ ರಜೆಯ ದಿನ ನಾನೇ ಬಸ್ಸು ಹತ್ತಿದೆ. ಹೋಳೂರಿನಿಂದ ಆಚೆಗೆ ಹಿಪ್ಪುನೇರಳೆ ಸಾಲುಗಳ ನಡುವೆ ನಡೆಯಬೇಕು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಬಿಳಿ ಕೋಟು ಇಲ್ಲದಿದ್ದರೂ ಮುನಿವೆಂಕಟಮ್ಮ ಗುರುತು ಹಿಡಿದು ಓಡಿ ಬಂದಳು.

"ಬನ್ನಿ ಸಿಸ್ಟರಮ್ಮಾ, ಬನ್ನಿ. ನನ್ ಮಗನ್ನ ನೋಡಿ ಹೋಗಿ, ಹೆಂಗ್ ಆಗವ್ನೆ!" ಎಂದು ಜೋರಾಗಿ ಹೇಳಿ, ನಾನು ಹತ್ತಿರವಾದ ಮೇಲೆ ಧ್ವನಿ ಇಳಿಸಿದಳು. "ನಿಮ್ಗೆ ಕೈ ಮುಗೀತೀನಿ, ಆ ಹೆಸ್ರು ಎತ್ಬೇಡಿ. ಹುಳ ನಾಕನೇ ಜ್ವರ ಎದ್ದೈತೆ. ಇನ್ನೇನು ಹಣ್ಣಾಗ್ತಾವೆ."

ರೇಷ್ಮೆ ಸೀಮೆಯವರಲ್ಲದವರಿಗೆ ಇದು ತಿಳಿಯಲಿಕ್ಕಿಲ್ಲ. ಹುಳು ಪೊರೆ ಬಿಡುವಾಗ ಮೇವು ತಿನ್ನದೆ ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳುವೇ ಮುಂದೆ ಹಣ್ಣಾಗಿ ಗೂಡು ಕಟ್ಟುವುದು. ಅದನ್ನು ಕಂಡು ಯಾರೂ ಗಾಬರಿಯಾಗುವುದಿಲ್ಲ. ಕಾಯಿಲೆಯಲ್ಲದ ಜ್ವರವನ್ನು ಇಷ್ಟು ಚೆನ್ನಾಗಿ ಬಲ್ಲ ಜನ ಜ್ವರವಿಲ್ಲದ ಕಾಯಿಲೆಯನ್ನು ಮಾತ್ರ ನಂಬುವುದಿಲ್ಲ.

ಮುನಿವೆಂಕಟಮ್ಮನ ಭಯ ಸುಳ್ಳಲ್ಲ. ಹುಳು ಹಣ್ಣಾದಾಗ ಒಂದೇ ಉಸಿರಿನಲ್ಲಿ ಆಯ್ದು ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ಮನೆಯವರ ಕೈ ಸಾಲುವುದಿಲ್ಲ. ಅಕ್ಕಪಕ್ಕದವರು ಮುಯ್ಯಿಗೆ ಬರುತ್ತಾರೆ, ಇವತ್ತು ನಿಮ್ಮನೆ, ನಾಳೆ ನಮ್ಮನೆ. "ಕ್ಷಯದ ಮನೆ ಅಂತ ಹೆಸ್ರು ಬಿದ್ರೆ ಯಾರಮ್ಮಾ ಬರ್ತಾರೆ ಹುಳ ಆಯೋಕೆ?" ಎಂದು ಕೇಳಿದಳು. ನಮ್ಮ ಮೇಟ್ರನ್ ಹೇಳಿದ್ದ ಮೂರನೆಯ ಮಾತು ಇದೇ. ಸಿಕ್‌ನೆಸ್ ಎನ್ನುವುದನ್ನು ಊರು ಕೊಡುತ್ತದೆ. ಗುಮಾಸ್ತರಿಗೆ ಅದು ರಜೆಯಾಗಿ ಬರುತ್ತದೆ. ಆಂಜಿನಪ್ಪನಂಥವರಿಗೆ ಬಹಿಷ್ಕಾರವಾಗಿ ಬರುತ್ತದೆ.

"ಹೆಸರು ನಾನು ಊರಿಗೆ ಹೇಳಲ್ಲ ಕಣಮ್ಮ. ನಿಮ್ಮ ಮಗನಿಗೆ ಹೇಳಬೇಕು," ಎಂದೆ. ಆಕೆ ದಾರಿಗಡ್ಡ ನಿಂತಳು. ನಾನು ಪಕ್ಕದಿಂದ ಹೋದೆ. ವಾರ್ಡಿನಲ್ಲಿ ರೋಗಿಯ ಕಡೆಯವರನ್ನು ದಾಟಿ ಹೋಗುವುದು ನಮಗೆ ನಿತ್ಯದ ವ್ಯಾಯಾಮ.

ಹುಳದ ಮನೆ ಹಿತ್ತಿಲಿನಲ್ಲಿತ್ತು. ಕಿಟಕಿಗೆ ಸೊಳ್ಳೆ ಬಲೆ, ಬಾಗಿಲಿಗೆ ಪರದೆ, ಹೊಸ್ತಿಲ ಮುಂದೆ ಬ್ಲೀಚಿಂಗ್ ನೀರಿನ ತಗ್ಗು ತಟ್ಟೆ. ನಮ್ಮ ಆಪರೇಷನ್ ಥಿಯೇಟರಿನವರನ್ನು ಕಲಿಯಲು ಅಲ್ಲಿಗೆ ಕಳಿಸಬೇಕು ಅನ್ನಿಸಿತು. ಪರದೆ ಸರಿಸಲು ಕೈ ಚಾಚಿದ್ದೆ.

"ನಿಲ್ಲಿ ನಿಲ್ಲಿ! ಹಂಗೇ ಬರ್ಬೇಡಿ," ಎಂದು ಒಳಗಿನಿಂದ ಗುಡುಗು. ತೋಳು ತುಂಬಾ ಸೊಪ್ಪು ಹಿಡಿದ ಆಂಜಿನಪ್ಪ ಕಾಣಿಸಿಕೊಂಡ. ನಿಜಕ್ಕೂ ಗುಂಡುಕಲ್ಲಿನ ಹಾಗಿದ್ದ. "ಚಪ್ಲಿ ಬಿಟ್ಟು, ಕಾಲು ಅದ್ದಿ, ಕೈ ತೊಳ್ಕೊಂಡ್ ಬನ್ನಿ ಸಿಸ್ಟರ್."

"ಸ್ನಾನ ಮಾಡಿಯೇ ಬಂದಿದ್ದೀನಪ್ಪ. ನನಗೆ ಯಾವ ರೋಗವೂ ಇಲ್ಲ."

"ಇಲ್ಲ ಅಂತ ನಿಮಗನ್ನಿಸ್ತೈತೆ. ರೋಗ ತರೋರು ಯಾರೂ ರೋಗ ಐತೆ ಅಂತ ಹೇಳ್ಕೊಂಡ್ ಬರಲ್ಲ."

ನಾನು ಚಪ್ಪಲಿ ಬಿಟ್ಟು ಕಾಲು ಅದ್ದಿದೆ. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಬಿದ್ದ ಹಾಗೆ. ಮೂಲೆಯಲ್ಲಿ ಅವನ ಹೆಂಡತಿ ಲಕ್ಷ್ಮೀದೇವಿ ಸೊಪ್ಪು ಬಿಡಿಸುತ್ತಿದ್ದಳು. ಅಂಬೆಗಾಲಿಡುವ ಮಗು ಅವಳ ಮಡಿಲಿನಲ್ಲಿತ್ತು. ಮಗುವನ್ನು ನೋಡಿದ ಮೇಲೆ ನನಗೆ ಇನ್ನು ತಡಮಾಡಲು ಮನಸ್ಸಾಗಲಿಲ್ಲ.

"ಹೋದ ಬೆಳೆ ಹೇಗಾಯ್ತು ಆಂಜಿನಪ್ಪ?"

"ಬಂಗಾರದಂಗಾಯ್ತು. ಒಂದು ಹುಳಾನೂ ಕೆಡ್ಲಿಲ್ಲ."

"ಹಾಗಿದ್ರೆ ಈ ಸಲ ಬ್ಲೀಚಿಂಗ್ ಹೊಡೆಯೋ ದಂಡ ಯಾಕೆ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಅಯ್ಯೋ ಸಿಸ್ಟರೇ, ಬೆಳೆ ಚೆನ್ನಾಗಾಯ್ತು ಅಂದ್ರೆ ರೋಗ ಹೋಯ್ತು ಅಂತಾನಾ? ಗೋಡೆ ಸಂದೀಲಿ, ತಟ್ಟೆ ಸಂದೀಲಿ ಕೂತಿರ್ತೈತೆ. ಚೆನ್ನಾಗೈತಲ್ಲ ಅಂತ ಒಂದ್ಸಲ ಬಿಟ್ರೆ ಮುಂದಿನ ಬೆಳೇಲಿ ಎದ್ದು ತಟ್ಟೆ ತಟ್ಟೆನೇ ಸಪ್ಪೆ ರೋಗ ಬಡ್ದು ಬಿದ್ದೋಗ್ತಾವೆ. ಆಮೇಲೆ ಏನ್ ಹೊಡುದ್ರೂ ಅಷ್ಟೇ."

"ಮತ್ತೆ ನೀವು ಮಾತ್ರೆ ಯಾಕೆ ಬಿಟ್ಟಿರಿ?"

"ಯಾವ್ದು, ವೀಕ್‌ನೆಸ್ದಾ? ವೀಕ್‌ನೆಸ್ ಹೋಯ್ತಲ್ಲ. ನೋಡಿ ಹೆಂಗಿದೀನಿ."

"ಒಂದು ವಿಷಯ ಹೇಳಬೇಕು. ನಿಮ್ಮ ಹೆಂಡತಿ ಇಲ್ಲೇ ಇರಬಹುದಾ, ಹೊರಗೆ ಕಳಿಸಲಾ?"

"ಅವ್ಳಿರ್ಲಿ. ಅವ್ಳಿಗ್ ಗೊತ್ತಿಲ್ದಿರೋದು ನಂದೇನೈತೆ?"

"ನಿಮಗಿದ್ದದ್ದು ವೀಕ್‌ನೆಸ್ ಅಲ್ಲ. ಕ್ಷಯ. ಟಿಬಿ. ಇದ್ದದ್ದು ಅಂದೆ, ಅದೂ ತಪ್ಪು. ಇನ್ನೂ ಇದೆ. ಗೋಡೆ ಸಂದೀಲಿ ಕೂತಿದೆ."

ಸೊಪ್ಪು ಬಿಡಿಸುವ ಕೈ ನಿಂತಿತು. ಹುಳುಗಳು ಮಾತ್ರ ಮೇಯುತ್ತಲೇ ಇದ್ದವು. ಆಂಜಿನಪ್ಪ ತೋಳಿನಲ್ಲಿದ್ದ ಸೊಪ್ಪನ್ನು ಒಂದೊಂದಾಗಿ ತಟ್ಟೆಗೆ ಹರವಿ ಮುಗಿಸಿದ. ಆಮೇಲೆ ಕೇಳಿದ: "ಹುಳಕ್ಕಂಟ್ತೈತಾ?"

"ಥೂ ನಿಮ್ಮ!" ಲಕ್ಷ್ಮೀದೇವಿ ಎದ್ದು ನಿಂತಳು. "ಮಗೂಗಂಟ್ತೈತಾ ಅಂತ ಕೇಳ್ರೀ ಮೊದ್ಲು!"

ಹುಳಕ್ಕೆ ಅಂಟುವುದಿಲ್ಲ, ಮಗುವಿಗೆ ಅಂಟಬಹುದು, ಹೆಂಡತಿ ಮಗು ಇಬ್ಬರನ್ನೂ ಕರೆತಂದು ಪರೀಕ್ಷೆ ಮಾಡಿಸಬೇಕು, ಮಾತ್ರೆ ಸರಿಯಾಗಿ ತಿಂದರೆ ಪೂರ್ತಿ ವಾಸಿಯಾಗುತ್ತದೆ, ಎಲ್ಲವನ್ನೂ ಹೇಳಿದೆ. ಅವನು ಪರದೆ ಸರಿಸಿ ಹೊರಗೆ ಬಂದ. ತಾಯಿ ಜಗಲಿಯ ಕಂಬ ಹಿಡಿದು ನಿಂತಿದ್ದಳು.

"ಅಮ್ಮಾ, ನಿಂಗ್ ಗೊತ್ತಿತ್ತಾ?"

"ಡಾಕ್ಟ್ರೇ ವೀಕ್‌ನೆಸ್ ಅಂದ್ರು ಕಣೋ."

"ನಿಂಗ್ ಗೊತ್ತಿತ್ತಾ ಅಂತ ಕೇಳ್ದೆ."

"ಗೊತ್ತಿದ್ರೆ ಏನ್ ಸಾರ್ಕೊಂಡ್ ಬರ್ಬೇಕಿತ್ತಾ? ಯಾರ್ ಬರ್ತಿದ್ರು ನಿನ್ನ ಹೊಸ್ಲಿಗೆ?"

"ಪಕ್ಕದ ತೋಟದ ರಾಮಣ್ಣ ಹುಳಕ್ಕೆ ಸುಣ್ಣಕಟ್ಟು ರೋಗ ಬಂದಾಗ ಮುಚ್ಚಿಟ್ಟ. ನಮ್ದೂ ಹೋಯ್ತು, ಊರೋರ್ದೆಲ್ಲಾ ಹೋಯ್ತು. ಅವನ ಮನೆ ಮುಂದೆ ನಿಂತ್ಕೊಂಡು ಮಣ್ಣು ತೂರಿದ್ಯಾರು? ನೀನೇ ಅಲ್ವಾ?"

ಮುನಿವೆಂಕಟಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾಕೇಂ ತೆಲುಸುರಾ," ಎಂದಳು. ನನಗೇನು ಗೊತ್ತಪ್ಪ ಎಂದು. ಈ ಸೀಮೆಯಲ್ಲಿ ಜಗಳಕ್ಕೆ ಕನ್ನಡ ಸಾಲುತ್ತದೆ, ಸೋತಾಗ ತೆಲುಗು ಬರುತ್ತದೆ. ಆಮೇಲೆ ಒಳಗೆ ಹೋಗಿ, ಲಚ್ಚಕ್ಕನಿಗೆಂದು ಎತ್ತಿಟ್ಟಿದ್ದ ಶೀಟುಗಳನ್ನು ತಂದು ನನ್ನ ಕೈಗೆ ಹಾಕಿದಳು.

ಮುಂದಿನದು ಸುಲಭವಾಗಿರಲಿಲ್ಲ. ಮತ್ತೆ ಕಫ ಪರೀಕ್ಷೆ, ಹಳೆಯ ಮಾತ್ರೆಗೆ ರೋಗ ಬಗ್ಗುತ್ತದೋ ಇಲ್ಲವೋ ಎಂಬ ಪರೀಕ್ಷೆ. ಅದರ ಉತ್ತರ ಬರುವವರೆಗೆ ಡಾಕ್ಟರು ದಿನಾ ಒಮ್ಮೆ ನನ್ನ ಟೇಬಲ್ಲಿನ ಹತ್ತಿರ ಸುಳಿದು, ಏನನ್ನೂ ಕೇಳದೆ ಹೋಗುತ್ತಿದ್ದರು. ಬಗ್ಗುತ್ತದೆ ಎಂದು ಬಂತು. ಮಾತ್ರೆ ಮೊದಲಿನಿಂದ ಶುರುವಾಯಿತು. ಲಕ್ಷ್ಮೀದೇವಿಗೂ ಮಗುವಿಗೂ ಏನೂ ಇರಲಿಲ್ಲ. ಮುಂಜಾಗ್ರತೆಯ ಔಷಧ ಕೊಟ್ಟರು. ನಾರಾಯಣಪ್ಪನವರನ್ನೂ ಪರೀಕ್ಷಿಸಿದೆವು. "ಹಂಗಾದ್ರೆ ನಂಗೆ ಏನೂ ಇಲ್ವಾ?" ಎಂದು ಅವರು ಬೇಸರದಿಂದ ಕೇಳಿದರು. ಊಟ ಸರಿಯಾಗಿ ಮಾಡಿ ಎಂದದ್ದು ಅವರಿಗೆ ಅವಮಾನವಾಯಿತು.

ಆ ಸಲ ಹುಳು ಹಣ್ಣಾದಾಗ ಆಂಜಿನಪ್ಪ ಮುಯ್ಯಾಳುಗಳಿಗೆ ತಾನೇ ಹೋಗಿ ವಿಷಯ ಹೇಳಿದನಂತೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೂರ ನಿಂತು. ಕೆಲವರು ಬರಲಿಲ್ಲ. ರಾಮಣ್ಣನ ಮನೆಯವರು ಬಂದರು. ಎಲ್ಲರಿಗಿಂತ ಮೊದಲು ಬಂದವರು ನಾರಾಯಣಪ್ಪ. "ನಾನ್ ಆಗ್ಲೇ ಮಾತ್ರೆ ತಿಂದಿದೀನಿ, ನಂಗೇನ್ ಭಯ?" ಎಂದು ಎದೆ ತಟ್ಟಿಕೊಂಡು ತಟ್ಟೆಗಳ ನಡುವೆ ಓಡಾಡಿದರಂತೆ. ವಿಜ್ಞಾನ ತಪ್ಪು. ಆಳು ಸಿಕ್ಕಿದ್ದು ನಿಜ.

ಡಾಕ್ಟರು ಆಮೇಲೆ ಬದಲಾದರು ಎಂದು ಬರೆದರೆ ನೀವು ನಂಬುವುದಿಲ್ಲ. ಬದಲಾಗಲಿಲ್ಲ. ಕ್ಷಯಕ್ಕೆ ಕ್ಷಯ ಎನ್ನಲು ಕಲಿತರು, ಅಷ್ಟೆ. ಹೇಳಿದ ಮೇಲೆ ಬೆವರು ಒರೆಸಿಕೊಂಡು ಇಂಗ್ಲಿಷಿಗೆ ಹೋಗುತ್ತಿದ್ದರು.

ಆಂಜಿನಪ್ಪ ಮಾತ್ರೆಯ ಶೀಟನ್ನು ಹುಳದ ಮನೆಯ ಬಾಗಿಲಿಗೆ, ಬ್ಲೀಚಿಂಗ್ ತಟ್ಟೆಯ ಮೇಲುಗಡೆ ನೇತುಹಾಕಿದ್ದ. ಬೆಳಿಗ್ಗೆ ಕಾಲು ಅದ್ದುವ ಮೊದಲು ಮಾತ್ರೆ ನುಂಗುವುದು. ಮಗ ನುಂಗುವವರೆಗೆ ಮುನಿವೆಂಕಟಮ್ಮ ಚೊಂಬು ಹಿಡಿದು ಎದುರಿಗೆ ನಿಲ್ಲುತ್ತಿದ್ದಳು. ಸರ್ಕಾರ ಬಿಟ್ಟುಬಿಟ್ಟ ಪದ್ಧತಿಯನ್ನು ಆಕೆ ಮನೆಯಲ್ಲಿ ಮುಂದುವರಿಸಿದಳು.

ಮಾತ್ರೆ ಮುಗಿದ ಮೇಲೆ ಅವನು ಕೊನೆಯ ಪರೀಕ್ಷೆಗೆ ಬಂದ. ಕಫದಲ್ಲಿ ಏನೂ ಇಲ್ಲ ಎಂದು ಲ್ಯಾಬಿನಿಂದ ಬಂತು. ಡಾಕ್ಟರು ಕುರ್ಚಿಯಿಂದ ಎದ್ದು ಅವನ ಕೈ ಕುಲುಕಿ, "ಯು ಆರ್ ಪರ್ಫೆಕ್ಟ್ಲಿ ಆಲ್‌ರೈಟ್" ಎಂದರು. ನಾನು ಕನ್ನಡದಲ್ಲಿ ಹೇಳಿದೆ: "ವಾಸಿಯಾಯ್ತು ಆಂಜಿನಪ್ಪ. ಇನ್ನು ಮಾತ್ರೆ ಬೇಡ. ಮನೆಗೆ ಹೋಗಿ."

ಅವನು ಹೋಗಲಿಲ್ಲ. ಕೈಯಲ್ಲಿದ್ದ ಖಾಲಿ ಶೀಟನ್ನು ತಿರುಗಿಸುತ್ತಾ ನಿಂತ.

"ಮತ್ತೇನಪ್ಪ?"

"ಇನ್ನೊಂದ್ಸಲ ನೋಡ್ಬಿಡಿ ಸಿಸ್ಟರ್. ಚೆನ್ನಾಗಿದೀನಿ ಅಂತ ನಂಗೂ ಅನ್ನಿಸ್ತೈತೆ. ಅದಕ್ಕೇ ಭಯ."

ಇನ್ನೊಂದು ಸಲ ಕಫ ಪರೀಕ್ಷೆಗೆ ಬರೆಸಿ, ನಾನೇ ಅವನ ಜೊತೆ ಲ್ಯಾಬಿನವರೆಗೆ ನಡೆದೆ.